ರೈಲು ಬಾರದ ಸೀಮೆಗೆ ಒಂದು ಮಾದರಿ ರೈಲು

ದಸರೆಗೆ ಗೊಂಬೆ ಕೂರಿಸುವ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಪಟ್ಟದ ಗೊಂಬೆಗಳ ಮೆಟ್ಟಿಲುಗಳ ಕೆಳಗೆ ಮಕ್ಕಳ ಪಾಲಿನ ಜಾಗವೊಂದು ಇರುತ್ತದೆ. ಅಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ಹಸಿರು ಬರಿಸುತ್ತಾರೆ. ಕನ್ನಡಿಯ ಚೂರು ಕೆರೆಯಾಗುತ್ತದೆ, ನಾಲ್ಕು ಕಲ್ಲು ಸೇರಿ ಬೆಟ್ಟವಾಗುತ್ತದೆ. ಬೆಟ್ಟದ ಬದಿಗೆ ಬಹಳ ಸಲ ಒಂದು ರೈಲೂ ನಿಂತಿರುತ್ತದೆ. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ರೈಲು ಅದು. ಆ ಚನ್ನಪಟ್ಟಣವೂ ಮೈಸೂರು ಸಂಸ್ಥಾನದ ಮೊದಲ ಮೀಟರ್ ಗೇಜ್ ದಾರಿಯ ಮೇಲೆಯೇ ಇದ್ದ ಊರು. ಮನೆಯೊಳಗೆ ರೈಲು ಕಟ್ಟುವ ಹವ್ಯಾಸ ಪರದೇಶದಿಂದ ಬಂದದ್ದು ಎಂದುಕೊಳ್ಳುವವರು ಈ ಗೊಂಬೆ ಅಂಗಳವನ್ನು ಒಮ್ಮೆ ನೆನೆಯಬೇಕು.

ಆದರೂ ಆಟಿಕೆಯ ರೈಲಿಗೂ ಮಾದರಿ ರೈಲಿಗೂ ಒಂದು ವ್ಯತ್ಯಾಸವಿದೆ. ಅದು ಅಳತೆಯದು. ಗೊಂಬೆ ಅಂಗಳದಲ್ಲಿ ಸೆಟ್ಟಿ ದಂಪತಿ ರೈಲಿಗಿಂತ ಎತ್ತರ ಇದ್ದರೂ ಯಾರೂ ಕೇಳುವುದಿಲ್ಲ. ಮಾದರಿ ಕಟ್ಟುವವನು ಮಾತ್ರ ಮೊದಲ ದಿನವೇ ಒಂದು ಪ್ರಮಾಣಕ್ಕೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಎಚ್‌ಒ’ ಪ್ರಮಾಣ 1:87. ನಿಜದ 87 ಅಡಿ ಇಲ್ಲಿ ಒಂದು ಅಡಿ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ ಸಿಗುವುದು ಯುರೋಪು ಅಮೆರಿಕಗಳ ಸ್ಟ್ಯಾಂಡರ್ಡ್ ಗೇಜ್. ಅಂದರೆ ಅಂಗಡಿಯಲ್ಲಿ ಸಿಗುವ ಹಳಿ ನಮ್ಮ ಹಳಿ ಅಲ್ಲ. ನಮ್ಮ ಹಳೆಯ ಹಳಿ ಮೀಟರ್ ಗೇಜ್. 1:87ರಲ್ಲಿ ಅದು ಹನ್ನೊಂದೂವರೆ ಮಿಲಿಮೀಟರಿಗೆ ಬರುತ್ತದೆ. ಅದಕ್ಕೆ ಹೊಂದುವ 12 ಮಿಲಿಮೀಟರಿನ ಹಳಿಯನ್ನು ಜರ್ಮನಿಯ ಬೆಮೊ ಎಂಬ ಕಂಪನಿ ಮಾಡುತ್ತದೆ, ಅದೂ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದ ಮೀಟರ್ ಗೇಜ್ ರೈಲುಗಳಿಗಾಗಿ. ತುಮಕೂರಿನ ಹಳೆಯ ರೈಲನ್ನು ಮನೆಯಲ್ಲಿ ಓಡಿಸಬೇಕೆಂದವರು ಹಿಮದ ನಾಡಿನ ಹಳಿಯನ್ನು ತರಿಸಬೇಕು, ಇಲ್ಲವೇ ಕೂತು ಒಂದೊಂದೇ ಸ್ಲೀಪರಿಗೆ ಹಳಿ ಬೆಸೆಯಬೇಕು.

ಬೆಸೆಯುತ್ತಾ ಕೂತವನಿಗೆ ಒಂದು ಪ್ರಶ್ನೆ ಏಳದೆ ಇರದು. ಅಡಿ, ಅಂಗುಲಗಳಲ್ಲಿ ಲೆಕ್ಕ ಹಾಕುತ್ತಿದ್ದ ಬ್ರಿಟಿಷರು ಭಾರತದಲ್ಲಿ ‘ಮೀಟರ್’ ಅಗಲದ ಹಳಿಯನ್ನು ಏಕೆ ಹಾಕಿದರು? 1870ರಲ್ಲಿ, ಲಾರ್ಡ್ ಮೇಯೊ ವೈಸರಾಯ್ ಆಗಿದ್ದಾಗ, ಖರ್ಚು ತಗ್ಗಿಸಲು ಕಿರಿದಾದ ಗೇಜ್ ಒಂದನ್ನು ಆರಿಸಲಾಯಿತು. ಭಾರತಕ್ಕೆ ಮೆಟ್ರಿಕ್ ಅಳತೆ ಬರಲಿದೆ ಎಂಬ ನಿರೀಕ್ಷೆ ಆಗ ಇತ್ತು. ಹಾಗಾಗಿ ಅದು ಸರಿಯಾಗಿ ಒಂದು ಮೀಟರ್ ಆಯಿತು. ಮೆಟ್ರಿಕ್ ಪದ್ಧತಿ ಜನಬಳಕೆಗೆ ಬಂದದ್ದು 1950ರ ದಶಕದ ಕೊನೆಗೆ. ಹಳಿ ಮಾತ್ರ ಎಂಬತ್ತು ವರ್ಷ ಮೊದಲೇ ಬಂದು ಮಲಗಿತ್ತು. ಓದಿ ಮರೆತುಬಿಡಬಹುದಾದ ಇಂಥ ಸಂಗತಿ, ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದಾಗ ಮರೆಯುವುದಿಲ್ಲ.

ಪ್ರಮಾಣದ ನಂತರ ಕಾಲ. ‘ಹಳೇ ಕಾಲದ ರೈಲು’ ಎಂದರೆ ಸಾಲದು, ಇಸವಿ ಹೇಳಬೇಕು. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಗುಬ್ಬಿ, ತಿಪಟೂರು, ಅರಸೀಕೆರೆ, ಬೀರೂರುಗಳನ್ನು ದಾಟಿ ಹರಿಹರದವರೆಗೆ ದಾರಿ ಪೂರ್ತಿಯಾದದ್ದು 1889ರಲ್ಲಿ. ಆ ಕಾಲವನ್ನು ಆರಿಸಿದರೆ ಪುಟ್ಟ ಎಫ್ ವರ್ಗದ ಇಂಜಿನ್ ಬೇಕು. 1895ರಲ್ಲಿ ಅಜ್ಮೀರದಲ್ಲಿ ತಯಾರಾಗಿ, ಭಾರತದಲ್ಲೇ ಕಟ್ಟಿದ ಮೊದಲ ಇಂಜಿನ್ ಎನಿಸಿಕೊಂಡದ್ದು ಇದೇ ವರ್ಗದ್ದು. ಮದ್ರಾಸ್ ಮತ್ತು ಸದರನ್ ಮರಾಠಾ ರೈಲ್ವೆ ಕಂಪನಿಯ ಕೈಯಲ್ಲಿದ್ದ ಈ ದಾರಿ ಮೈಸೂರು ಸಂಸ್ಥಾನದ ಆಡಳಿತಕ್ಕೆ ಬಂದದ್ದು 1938ರಲ್ಲಿ. ಅದನ್ನು ಆರಿಸಿದರೆ ಗಾಡಿಗಳ ಮೇಲಿನ ಅಕ್ಷರ ಬದಲಾಗಬೇಕು. 1951ರ ಏಪ್ರಿಲ್‌ನಲ್ಲಿ ಮೈಸೂರು ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಅದಾದ ಮೇಲಿನ ಕಾಲವಾದರೆ ವೈಪಿ, ವೈಜಿ ವರ್ಗದ ಉಗಿ ಇಂಜಿನ್‌ಗಳಿಗೂ ಜಾಗವುಂಟು. ಯಾವುದನ್ನು ಆರಿಸಿದರೂ ಮೂರನೇ ದರ್ಜೆಯ ಬೋಗಿಗಳೇ ಹೆಚ್ಚಿರಬೇಕು. ಮೂರನೇ ದರ್ಜೆ ರದ್ದಾದದ್ದು 1974ರಲ್ಲಿ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿ ಸಲೂನ್ ಬೋಗಿ ಇದೆ; ನೋಡಿದವರಿಗೆಲ್ಲ ಅದೇ ನೆನಪಿನಲ್ಲಿ ಉಳಿಯುತ್ತದೆ. ಆದರೆ ಆ ಕಾಲದ ರೈಲಿನಲ್ಲಿ ಹೆಚ್ಚಿನ ಜನ ಕೂತದ್ದು ಮರದ ಬೆಂಚಿನ ಮೇಲೆ.

ಮೂರನೆಯದು ಊರು. ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮನೆಯೊಂದರಲ್ಲಿ ಹಲಗೆ ಹಾಸಿದವನ ನಿಜವಾದ ತೊಡಕು ಇಲ್ಲಿ ಶುರುವಾಗುತ್ತದೆ. ತನ್ನ ಊರಿನ ಹಳೆಯ ರೈಲು ನಿಲ್ದಾಣವನ್ನು ಕಟ್ಟೋಣವೆಂದರೆ, ಅಂಥದೊಂದು ಇರಲೇ ಇಲ್ಲ.

ಇದು ನಕಾಶೆ ಬಿಡಿಸಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನಿಂದ ಒಂದು ತೋಳು ವಾಯುವ್ಯಕ್ಕೆ ಚಾಚಿ ತುಮಕೂರು ಮುಟ್ಟಿ ಪಶ್ಚಿಮಕ್ಕೆ ತಿರುಗುತ್ತದೆ. ಇನ್ನೊಂದು ತೋಳು 1890ರ ದಶಕದ ಆರಂಭದಲ್ಲಿ ಗೌರಿಬಿದನೂರು, ಹಿಂದೂಪುರ, ಪೆನುಕೊಂಡಗಳ ಮೇಲೆ ಗುಂತಕಲ್ಲಿನ ಕಡೆಗೆ ಹೋಯಿತು. ಎರಡು ತೋಳುಗಳ ನಡುವೆ, ಯಾರ ಕೈಗೂ ಸಿಗದೆ ಉಳಿದ ನೆಲ ಈ ನಾಲ್ಕು ತಾಲ್ಲೂಕುಗಳದು. ಶಿರಾದ ಸಂಗತಿ ಇನ್ನೂ ವಿಚಿತ್ರ. 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರು ಅದು. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆಯೇ ಸಾಗುತ್ತದೆ. ರೈಲೂ ಹೋಗಬೇಕಿದ್ದದ್ದು ಹರಿಹರಕ್ಕೇ. ಆದರೆ ಅದು ತುಮಕೂರಿನಲ್ಲಿ ರಸ್ತೆಯ ಕೈಬಿಟ್ಟು ತೆಂಗಿನ ಸೀಮೆಯ ಕಡೆ ಹೊರಳಿತು. ಮುಂದೆ ಅರಸೀಕೆರೆ ಜಂಕ್ಷನ್ ಆಯಿತು, ತಿಪಟೂರು ಕೊಬ್ಬರಿಯ ದೊಡ್ಡ ಪೇಟೆಯಾಯಿತು. ಶಿರಾ ರಸ್ತೆಯ ಊರಾಗಿಯೇ ಉಳಿಯಿತು.

ರೈಲು ಇಲ್ಲದಿರುವುದು ಬರೀ ಅನುಕೂಲದ ಮಾತಾಗಿರಲಿಲ್ಲ. 1876ರಿಂದ 78ರವರೆಗಿನ ಬರವನ್ನು ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದರು. ಆಗ ಸಂಸ್ಥಾನಕ್ಕಿದ್ದ ಮುಖ್ಯ ರೈಲುದಾರಿ ಒಂದೇ, 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಬಂದದ್ದು. ಮದ್ರಾಸಿನಿಂದ ಧಾನ್ಯ ಬೆಂಗಳೂರಿನ ತನಕ ಉಗಿಯ ಬಲದಿಂದ ಬರುತ್ತಿತ್ತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಬರದಲ್ಲಿ ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಬಯಲುಸೀಮೆಯ ಒಳಗಿನ ಹಳ್ಳಿಗಳಿಗೆ ಧಾನ್ಯ ಮುಟ್ಟುವುದು ಎಷ್ಟು ಕಷ್ಟವಿತ್ತೆಂಬುದನ್ನು ಇದರಿಂದಲೇ ಊಹಿಸಬಹುದು. ಬರದ ಪಾಠದ ಮೇಲೆಯೇ ರೈಲುದಾರಿಗಳ ಮಾತು ಬಲವಾಯಿತು. ಬೆಂಗಳೂರು–ಮೈಸೂರು ದಾರಿ 1882ಕ್ಕೆ ಮುಗಿಯಿತು. ದಿವಾನ್ ರಂಗಾಚಾರ್ಲು ಅವರು ಆ ಹೊತ್ತಿನಲ್ಲಿ ರೈಲಿನ ದೊಡ್ಡ ಪ್ರತಿಪಾದಕರಾಗಿದ್ದರು. ಬರ ಉಂಡ ಸೀಮೆಗಳಲ್ಲಿ ಕೆಲವಕ್ಕೆ ರೈಲು ಬಂತು. ಕೆಲವಕ್ಕೆ ಬರಲಿಲ್ಲ.

ಹಾಗಿದ್ದರೆ ಇಲ್ಲದ ನಿಲ್ದಾಣವನ್ನು ಹಲಗೆಯ ಮೇಲೆ ಕಲ್ಪಿಸಿಕೊಳ್ಳಬಹುದೇ? ಮಾದರಿ ರೈಲಿನ ಲೋಕದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಲಂಡನ್ನಿನ ಜಾನ್ ಅಹರ್ನ್ 1930ರ ದಶಕದ ಕೊನೆಯಲ್ಲಿ ಮ್ಯಾಡರ್ ಕಣಿವೆ ಎಂಬ, ಯಾವ ನಕಾಶೆಯಲ್ಲೂ ಇಲ್ಲದ ಸೀಮೆಗೆ ತನ್ನ ಮನೆಯಲ್ಲಿ ರೈಲು ಕಟ್ಟಿದ. ಅದು ಈಗ ಇಂಗ್ಲೆಂಡಿನ ಪೆಂಡನ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮಲ್ಲೂ ಮಾಲ್ಗುಡಿ ಇಲ್ಲವೇ? ಆರ್.ಕೆ. ನಾರಾಯಣ್ ಕಲ್ಪಿಸಿದ ಊರಿಗೆ ಶಂಕರ್‌ನಾಗ್ ಅವರ ಧಾರಾವಾಹಿಯಲ್ಲಿ ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು ನಿಲ್ದಾಣವಾಯಿತು. 2020ರಲ್ಲಿ ಆ ಹಳೆಯ ಕಟ್ಟಡವೇ ಮಾಲ್ಗುಡಿ ವಸ್ತುಸಂಗ್ರಹಾಲಯವೂ ಆಯಿತು. ಕಲ್ಪನೆಯ ಊರು ನಿಜದ ಹಳೆಯ ನಿಲ್ದಾಣವೊಂದನ್ನು ಕಾಪಾಡಿತು.

ಆದರೆ ಮ್ಯಾಡರ್ ಆಗಲಿ ಮಾಲ್ಗುಡಿಯಾಗಲಿ ಹೆಸರಿನಲ್ಲೇ ತಾವು ಕಲ್ಪನೆಯೆಂದು ಹೇಳಿಕೊಂಡವು. ‘ಮಧುಗಿರಿ, 1910’ ಎಂದು ಫಲಕ ಬರೆದು ಅದರ ಮುಂದೆ ಉಗಿ ಇಂಜಿನ್ ನಿಲ್ಲಿಸಿದರೆ ಆ ಮಾತು ಬೇರೆಯಾಗುತ್ತದೆ. ನೋಡಲು ಬಂದ ಶಾಲೆಯ ಮಗು ಅದನ್ನು ನಂಬುತ್ತದೆ. ನೂರಿಪ್ಪತ್ತು ವರ್ಷ ರೈಲಿಗಾಗಿ ಕಾದ ಒಂದು ಸೀಮೆಯ ಕಥೆಯನ್ನು ಎಂಟು ಅಡಿಯ ಹಲಗೆ ಅಳಿಸಿಹಾಕುತ್ತದೆ. ಹಳೆಯದರ ಮೇಲಿನ ಮೋಹಕ್ಕೆ ಇರುವ ಅಪಾಯ ಇದೇ. ಆ ಮೋಹ ಎಲ್ಲರಿಗೂ ರೈಲು ಸಿಕ್ಕಿತ್ತೆಂದು ಭಾವಿಸಿಕೊಳ್ಳುತ್ತದೆ.

ಅಳತೆಯೂ ಈ ಸುಳ್ಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಪೇಟೆಯ ಮಟ್ಟದಿಂದ ಮಧುಗಿರಿಯ ಏಕಶಿಲಾ ಬೆಟ್ಟದ ತುದಿ ಸುಮಾರು 400 ಮೀಟರ್ ಎತ್ತರ. 1:87ರಲ್ಲಿ ಅದು ಹದಿನೈದು ಅಡಿ. ಮನೆಯ ಸೂರನ್ನು ಒಡೆದು ಹೊರಗೆ ಬರುತ್ತದೆ. ತುಮಕೂರಿನಿಂದ ಮಧುಗಿರಿಗೆ 43 ಕಿಲೋಮೀಟರ್. ಪ್ರಮಾಣದಲ್ಲಿ ಅರ್ಧ ಕಿಲೋಮೀಟರ್ ಹಳಿ ಬೇಕು. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಳೆಯಲ್ಲಿ ಹಿಡಿಯುವುದು ನಿಜದ 212 ಮೀಟರ್ ಮಾತ್ರ. ಬೆಟ್ಟವನ್ನು ಗೋಡೆಗೆ ಬಣ್ಣದಲ್ಲಿ ಬರೆಯಬೇಕು, ದೂರವನ್ನು ಕುಗ್ಗಿಸಬೇಕು. ಎಲ್ಲ ಮಾದರಿಕಾರರೂ ಹೀಗೆ ಮಾಡುತ್ತಾರೆ, ಇತಿಹಾಸ ಬರೆಯುವವರೂ ಮಾಡುತ್ತಾರೆ. ಏನನ್ನು ಕುಗ್ಗಿಸಿದೆವು, ಏನನ್ನು ಬಿಟ್ಟೆವು ಎಂಬುದು ಮಾತ್ರ ನೋಡುವವರಿಗೆ ತಿಳಿಯುವಂತಿರಬೇಕು.

212 ಮೀಟರಿನಲ್ಲಿ ಈ ಸೀಮೆಯ ನಿಜವಾದ ರೈಲು ಇತಿಹಾಸವನ್ನು ಹಿಡಿಸಲು ಸಾಧ್ಯವಿದೆ. ಕಟ್ಟಬೇಕಾದದ್ದು ಮಧುಗಿರಿಯನ್ನಲ್ಲ, ತುಮಕೂರು ಅಥವಾ ಹಿಂದೂಪುರದ ಗೂಡ್ಸ್ ಅಂಗಳವನ್ನು. ಒಂದು ಬದಿಗೆ ಗೂಡ್ಸ್ ಷೆಡ್ಡು, ಅದರ ಮುಂದೆ ಎರಡು ಸಾಲು ಹಳಿ, ನೀರಿನ ತೊಟ್ಟಿ, ಇಳಿದು ಏಳುವ ಕೈಮರದ ಸಿಗ್ನಲ್. ಬೆತ್ತದ ಬಳೆಗೆ ಟೋಕನ್ ಸಿಕ್ಕಿಸಿ ಡ್ರೈವರಿಗಾಗಿ ಹಿಡಿದು ನಿಂತ ಪೋರ್ಟರ್. ಇನ್ನೊಂದು ಬದಿಗೆ, ಹಲಗೆಯ ಅರ್ಧದಷ್ಟು ಜಾಗದಲ್ಲಿ, ಗಾಡಿಗಳು. ಕೊರಟಗೆರೆಯ ಕಡೆಯಿಂದ ಬಂದ ಗಾಡಿ, ಶಿರಾ ರಸ್ತೆಯಲ್ಲಿ ಬಂದ ಗಾಡಿ, ನೊಗ ಇಳಿಸಿ ಮೂಕಿ ನೆಲಕ್ಕಿಟ್ಟ ಗಾಡಿ. ಕಡಲೆಕಾಯಿ ಮೂಟೆ, ಹುಣಸೆಹಣ್ಣಿನ ಮೂಟೆ. ಮರದ ನೆರಳಲ್ಲಿ ಬುತ್ತಿ ಬಿಚ್ಚಿದ ಜನ.

ಇಲ್ಲಿ ಇನ್ನೊಂದು ಸಂಗತಿ ಕೈಗೆ ತಿಳಿಯುತ್ತದೆ. ಇಂಜಿನ್ನನ್ನು ಕೊಳ್ಳಬಹುದು, ಇಲ್ಲವೇ ಈಗ ಬೋಗಿಯ ಮೈಯನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆಯಬಹುದು. ನಮ್ಮ ಎತ್ತಿನ ಗಾಡಿಯನ್ನು ಯಾವ ದೊಡ್ಡ ಕಂಪನಿಯೂ ಮಾಡಿ ಮಾರುವುದಿಲ್ಲ. ಐದಡಿ ಎತ್ತರದ ಗಾಡಿಯ ಚಕ್ರ 1:87ರಲ್ಲಿ 17.5 ಮಿಲಿಮೀಟರ್. ಹಳಿಯ ಅಗಲಕ್ಕಿಂತ ದೊಡ್ಡದು. ಆ ಬಟ್ಟಲಿನಗಲದ ವೃತ್ತದಲ್ಲಿ ಗುಂಬ, ಅರೆಕಾಲು, ಹಳಿಪಟ್ಟಿ ಎಲ್ಲವನ್ನೂ ಬಿದಿರಿನ ಸೀಳಿನಿಂದ ಕೂರಿಸಬೇಕು. ಅದಕ್ಕೆ ಮೊದಲು ನಿಜವಾದ ಗಾಡಿಯೊಂದನ್ನು ಹುಡುಕಿ ಅಳೆಯಬೇಕು. ಮಧುಗಿರಿಯ ಹಳ್ಳಿಗಳಲ್ಲಿ ಈಗ ಅದೂ ಸುಲಭವಲ್ಲ.

ಕಟ್ಟಿದ ಮಾದರಿಯನ್ನು ಮೇಲ್ದರ್ಜೆಗೆ ಏರಿಸುವ ಮಾತಿಗೂ ಇದೇ ವಿವೇಕ ಬೇಕು. ಹಳೆಯ ಮಾದರಿಗಳು 12 ವೋಲ್ಟ್ ನೇರ ವಿದ್ಯುತ್ತಿನಲ್ಲಿ ಓಡುತ್ತವೆ. ಹಳಿಗೆ ಕರೆಂಟು ಹೆಚ್ಚಿಸಿದರೆ ಅದರ ಮೇಲಿರುವ ಎಲ್ಲ ಇಂಜಿನ್ನೂ ಒಟ್ಟಿಗೆ ಓಡುತ್ತದೆ. 1990ರ ದಶಕದಲ್ಲಿ ಬಳಕೆಗೆ ಬಂದ ಡಿಸಿಸಿ ಎಂಬ ಡಿಜಿಟಲ್ ವ್ಯವಸ್ಥೆಯಲ್ಲಿ ಒಂದೊಂದು ಇಂಜಿನ್ನಿಗೂ ಒಂದು ವಿಳಾಸವಿರುತ್ತದೆ. ಒಂದು ನಿಂತು ನೀರು ಕುಡಿಯುವಾಗ ಇನ್ನೊಂದು ವ್ಯಾಗನ್ನುಗಳನ್ನು ಹಿಂದೆ ಮುಂದೆ ಮಾಡಬಹುದು. ಒಳಗಿನ ತಂತಿ ಹೊಸದಾದರೂ ಹೊರಗಿನ ಇಸವಿ ಹಾಗೆಯೇ ಇರುತ್ತದೆ. ನಿಜದ ರೈಲ್ವೆಗೆ ಆ ಅನುಕೂಲವಿರಲಿಲ್ಲ. 1992ರಲ್ಲಿ ಏಕ ಗೇಜ್ ಯೋಜನೆ ಶುರುವಾದ ಮೇಲೆ ಆ ದಶಕದಲ್ಲೇ ಬೆಂಗಳೂರು–ತುಮಕೂರು–ಅರಸೀಕೆರೆ ದಾರಿಯ ಮೀಟರ್ ಗೇಜ್ ಹೋಗಿ 1676 ಮಿಲಿಮೀಟರಿನ ಬ್ರಾಡ್ ಗೇಜ್ ಬಂತು. ಅದು ಬೇಕಾಗಿತ್ತು, ಗೇಜು ಬದಲಾಗುವ ಕಡೆ ಸಾಮಾನು ಇಳಿಸಿ ಹತ್ತಿಸುವ ಪಾಡು ತಪ್ಪಿತು. ಆದರೆ ಹಳೆಯ ಹಳಿ, ಕೈಮರ, ಟೋಕನ್ ಎಲ್ಲ ಕಣ್ಮರೆಯಾದವು.

ಪೆಂಡನ್ ವಸ್ತುಸಂಗ್ರಹಾಲಯವನ್ನು ಕಟ್ಟಿದ ರಾಯ್ ಇಂಗ್ಲೆಂಡ್ ಎಂಬಾತ ಆಸ್ಟ್ರೇಲಿಯಾದಿಂದ 1925ರಲ್ಲಿ ಬಂದವನು. ಹುಲ್ಲು ಹೊದಿಸಿದ ಹಳ್ಳಿಮನೆಗಳು ಒಂದೊಂದಾಗಿ ಹೋಗುತ್ತಿರುವುದನ್ನು ಕಂಡು ಅವನ್ನು 1:76ರಲ್ಲಿ ಕಟ್ಟತೊಡಗಿದ. ಅವನಿಗೆ ರೈಲಿನಷ್ಟೇ ಅದರ ಸುತ್ತಲಿನ ಬದುಕೂ ಬೇಕಾಗಿತ್ತು. ಪುಣೆಯ ಕೊತ್ರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಮಾದರಿ ರೈಲು ಸಂಗ್ರಹಾಲಯ, ಒಬ್ಬ ಮನುಷ್ಯನ ಹವ್ಯಾಸ ಊರಿನ ಮಕ್ಕಳಿಗೆಲ್ಲ ತೆರೆದುಕೊಳ್ಳಬಹುದೆಂದು ನಮ್ಮ ನಡುವೆಯೇ ತೋರಿಸಿದೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈಗ ಸಮಯ ಕಡಿಮೆ. 2007–08ರಲ್ಲಿ ಮಂಜೂರಾದ ರಾಯದುರ್ಗ–ತುಮಕೂರು ಮಾರ್ಗ ಪಾವಗಡ, ಮಧುಗಿರಿ, ಕೊರಟಗೆರೆಗಳನ್ನು ಮುಟ್ಟಲಿದೆ. ತುಮಕೂರು–ದಾವಣಗೆರೆ ಮಾರ್ಗ ಶಿರಾ, ಹಿರಿಯೂರುಗಳ ಮೇಲೆ ಹೋಗಲಿದೆ, ಹೆಚ್ಚುಕಡಿಮೆ ಹಳೆಯ ಹೆದ್ದಾರಿಯ ಜಾಡಿನಲ್ಲೇ. ಮೊದಲ ರೈಲು ನಿಂತ ದಿನ ತಳಿರು ತೋರಣ ಕಟ್ಟುತ್ತಾರೆ, ಇಂಜಿನ್ನಿಗೆ ಕುಂಬಳಕಾಯಿ ಒಡೆಯುತ್ತಾರೆ. ಹತ್ತು ವರ್ಷ ಕಳೆದರೆ ಇಲ್ಲಿ ರೈಲು ಇರಲಿಲ್ಲವೆಂಬುದೇ ಮರೆತುಹೋಗುತ್ತದೆ. ಅಷ್ಟರೊಳಗೆ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವಿದೆ. ಮನೆಯ ಹಿರಿಯರನ್ನು ಕೇಳಿ, ಮೊದಲ ಸಲ ರೈಲು ಹತ್ತಲು ಯಾವ ನಿಲ್ದಾಣಕ್ಕೆ ಹೋದಿರಿ, ಹೇಗೆ ಹೋದಿರಿ, ಎಷ್ಟು ಹೊತ್ತಿಗೆ ಮನೆ ಬಿಟ್ಟಿರಿ ಎಂದು ಬರೆದಿಡಿ. ಎಲ್ಲಾದರೂ ಹಿತ್ತಲಲ್ಲಿ ಮುರಿದ ಗಾಡಿಯ ಚಕ್ರ ಒರಗಿಸಿದ್ದರೆ ಅದರ ಅರೆಕಾಲುಗಳನ್ನು ಎಣಿಸಿ, ಅಗಲ ಅಳೆದು, ಒಂದು ಚಿತ್ರ ತೆಗೆದಿಡಿ. ಮುಂದೆ ಹಲಗೆ ಹಾಸಿ ಹಳಿ ಬೆಸೆಯಲು ಕೂರುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಆ ಅಳತೆ.