ಯಾರೂ ಓದದ ಕಡತ

1991ರಲ್ಲಿ ಗ್ನೂ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದ ಡೇವಿಡ್ ಮೆಕೆಂಜಿಗೆ ಒಂದು ತಲೆನೋವಿತ್ತು. ಒಂದೊಂದು ಕಂಪನಿಯ ಯೂನಿಕ್ಸ್ ಒಂದೊಂದು ಥರ. ಕಂಪೈಲ್ ಮಾಡುವವರು ಮೇಕ್‌ಫೈಲ್‌ನಲ್ಲಿ ಸುಮಾರು 20 ಆಯ್ಕೆಗಳನ್ನು ಕೈಯಾರೆ ಹೊಂದಿಸಬೇಕಿತ್ತು. ಅವರು ಯಂತ್ರವನ್ನೇ ವಿಚಾರಿಸುವ ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದರು. ಅಂಥ ಸ್ಕ್ರಿಪ್ಟ್‌ಗಳನ್ನು ತಾನೇ ಬರೆದುಕೊಡುವ ಆಟೋಕಾನ್ಫ್ ಹುಟ್ಟಿದ್ದು ಹಾಗೆ. ಈ ಫಂಕ್ಷನ್ ಇದೆಯೇ? ಪರೀಕ್ಷೆಯ ತುಣುಕು ಕಂಪೈಲ್ ಆದರೆ ಇದೆ, ಆಗದಿದ್ದರೆ ಇಲ್ಲ.

ಆದರೆ ಸಾವಿರಾರು ಸಾಲಿನ ಆ ಸ್ಕ್ರಿಪ್ಟನ್ನು ಯಂತ್ರವೇ ಬರೆಯತೊಡಗಿದ ಮೇಲೆ ಓದುವವರು ಕಡಿಮೆಯಾದರು. 2024ರಲ್ಲಿ ಎಕ್ಸ್‌ಜೆಡ್ 5.6.0 ಮತ್ತು 5.6.1ರಲ್ಲಿ ಕಳ್ಳಬಾಗಿಲಿಗೆ ದಾರಿ ಮಾಡಿಕೊಟ್ಟ ಸಾಲುಗಳು ಅಡಗಿದ್ದುದು ಇಂಥ ಕಡೆಯಲ್ಲೇ: ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಸೇರಿಸಿದ್ದ, ಕಾನ್ಫಿಗರ್ ಸ್ಕ್ರಿಪ್ಟಿಗೆ ಸರಕು ಒದಗಿಸುವ ಎಂ4 ಕಡತದಲ್ಲಿ. ಲಾಗಿನ್ ಅರ್ಧ ಸೆಕೆಂಡ್ ತಡವಾಗುವುದೇಕೆಂದು ಆಂಡ್ರೆಸ್ ಫ್ರಾಯಿಂಡ್ ಬೆನ್ನು ಹತ್ತಿದ್ದರಿಂದ ಅದು ಸಿಕ್ಕಿಬಿತ್ತು.