ಹಟ್ಟಿಗೊಬ್ಬರದ ಒಳಾಣ ಬೆಶಿ

ಓ ಮೊನ್ನೆ ಉದಿಯಪ್ಪಗ ಕಾಪಿ ಕುಡಿವಗ ಅಪ್ಪಂಗೂ ಎನಗೂ ರಜ್ಜ ಚರ್ಚೆ ಆತು. ಮದಲು ಎಂಗಳ ಹಟ್ಟಿಲಿ ಎಂಟು ದನಗೊ ಇತ್ತಿದ್ದವು, ಈಗ ಒಳುದ್ದು ಗೌರಿ ಒಂದೇ. ಅಮ್ಮಂಗೆ ಗೆಂಟುಬೇನೆ, ಕರವಲೆ ಕೂದರೆ ಏಳುಲೆ ಎಡಿತ್ತಿಲ್ಲೆ. "ದನವ ಆರಿಂಗಾರೂ ಕೊಡುವೊ. ಹಾಲು ಪೇಕೆಟಿಂದು ಸಾಕು, ಗೊಬ್ಬರವನ್ನೂ ಗೋಣಿಲಿ ತಪ್ಪಲಕ್ಕು" ಹೇಳಿದೆ ಆನು. ಅಪ್ಪ ಕೂಡ್ಲೇ ಎಂತದೂ ಹೇಳಿದವಿಲ್ಲೆ, ಬಾಯಿಲಿ ಎಲೆ ಅಡಕ್ಕೆ ಇತ್ತು. ತುಪ್ಪಿಕ್ಕಿ ಬಂದು ಕೇಳಿದವು: "ಗೋಣಿಲಿ ಬಪ್ಪದಕ್ಕೆ ಜೀವ ಇರ್ತೊ?"

ಎನಗೆ ಎರಡು ವರ್ಷ ಹಿಂದಾಣ ಮುಳ್ಳುಸೌತೆ ಸಾಲು ನೆಂಪಾತು. ಗುಂಡಿಂದ ಹಳೆ ಗೊಬ್ಬರ ಹೊರುಲೆ ಉದಾಸೀನ ಆಗಿ, ಆ ದಿನದ ಹಸಿ ಸಗಣವನ್ನೇ ನೀರಿಲಿ ಕರಡಿ ಸೆಸಿ ಬುಡಕ್ಕೆ ಎರದಿತ್ತಿದ್ದೆ. ಅರ್ಧ ಸೆಸಿ ಕರಂಚಿ ಹೋತು. ಒಳುದ್ದರಲ್ಲಿ ಕಾಯಿ ಬಿಟ್ಟಪ್ಪಗ ಅಮ್ಮ ಹೇಳಿತ್ತು, "ಹಸಿ ಸಗಣ ಮುಟ್ಟಿದ್ದರ ಹಸಿಯೇ ತಿಂಬಲಾಗ, ಕೊದಿಲು ಮಾಡುವೊ." ಆನು ನೆಗೆ ಮಾಡಿದೆ. ಸಣ್ಣ ಮಾಣಿ ಒಂದು ಕಾಯಿಯ ತೊಳೆಯದ್ದೆ ಬಳ್ಳಿಂದಲೇ ಕೊಯ್ದು ತಿಂದ. ಮರದಿನವೇ ವಾಂತಿ, ಹೊಟ್ಟೆಬೇನೆ. ಮೂರು ದಿನ ಆಸ್ಪತ್ರೆಲಿ. ಅದು ಸೌತೆಂದಲೇ ಬಂದದು ಹೇಳಿ ಡಾಕ್ಟ್ರು ಹೇಳಿದ್ದವಿಲ್ಲೆ. ಆದರೆ ಅಮ್ಮನ ಮಾತು ಎನ್ನ ಮನಸ್ಸಿಲಿ ಕೂದತ್ತು. ಗೊಬ್ಬರಲ್ಲಿಪ್ಪ ಜೀವ ಎಂತರ, ಅದರ ಆರು, ಯಾವಗ ಕಂಡುಹಿಡುದ್ದು ಹೇಳಿ ಓದುಲೆ ಸುರುಮಾಡಿದ್ದು ಅಂಬಗಳೇ.

ನಮ್ಮ ಹಿರಿಯರಿಂಗೆ ಬ್ಯಾಕ್ಟೀರಿಯಾ ಹೇಳ್ತ ಶಬ್ದ ಗೊಂತಿತ್ತಿಲ್ಲೆ, ಕ್ರಮ ಗೊಂತಿತ್ತು. ಕೃಷಿಪರಾಶರ ಹೇಳ್ತ ಹಳೆ ಸಂಸ್ಕೃತ ಗ್ರಂಥಲ್ಲಿ ಗೊಬ್ಬರದ ಲೆಕ್ಕ ಇದ್ದು: ಮಾಘಮಾಸಲ್ಲಿ ಸಗಣದ ರಾಶಿಗೆ ಪೂಜೆ ಮಾಡಿ ತೆಗೆಯೆಕು, ಬೆಶಿಲಿಂಗೆ ಒಣಗುಸಿ ಹೊಡಿ ಮಾಡೆಕು, ಫಾಲ್ಗುಣಲ್ಲಿ ಗೆದ್ದೆಲಿ ಗುಂಡಿ ಮಾಡಿ ಹಾಕಿ ಮಡುಗೆಕು, ಬಿತ್ತುವ ಕಾಲಕ್ಕೆ ತೆಗದು ಹಾಕೆಕು. ಹಸಿ ಸಗಣವ ನೇರ ಗೆದ್ದೆಗೆ ಹಾಕುವ ಮಾತೇ ಇಲ್ಲೆ. ಕನ್ನಡಲ್ಲಿಯೂ 1025ರ ಹೊತ್ತಿಂಗೇ ಚಾವುಂಡರಾಯ ಬರದ ಲೋಕೋಪಕಾರಲ್ಲಿ ವೃಕ್ಷಾಯುರ್ವೇದಕ್ಕೆ ಹೇಳಿಯೇ ಒಂದು ಭಾಗ ಇದ್ದು.

ಇನ್ನೊಂದು ದಿಕ್ಕಿಲಿ ಇದೇ ಜೀವಿಗೊ ಯುದ್ಧಕ್ಕೂ ದುಡುದ್ದವು. ಕೋವಿಮದ್ದಿಂಗೆ ಬೇಕಪ್ಪದು ಪೆಟ್ಲುಪ್ಪು. ಬಿಹಾರಲ್ಲಿ ನೂನಿಯಾ ಜೆನಂಗೊ ಹಟ್ಟಿ, ಮನೆಗಳ ಸುತ್ತಾಣ ಮಣ್ಣಿನ ಕೆರಸಿ, ನೀರಿಲಿ ಸೋಸಿ, ಕಾಸಿ ಅದರ ತೆಗಕ್ಕೊಂಡಿತ್ತಿದ್ದವು. ಡಚ್ಚರು, ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿ ಅದರ ಪಾಟ್ನಂದ ಹಡಗಿಲಿ ಸಾಗ್ಸಿದವು. ಯುರೋಪಿಲಿ ಸಗಣ, ಮೂತ್ರ, ಸುಣ್ಣ, ಬೂದಿ, ಮಣ್ಣು ಎಲ್ಲ ಸೇರ್ಸಿ ರಾಶಿ ಹಾಕಿ, ಮೊಗಚ್ಚಿ ಮೊಗಚ್ಚಿ ವರ್ಷಗಟ್ಲೆ ಕಾದುಗೊಂಡಿತ್ತಿದ್ದವು. ಉಪ್ಪು ಬತ್ತು ಹೇಳಿ ಗೊಂತು, ಎಂತಕೆ ಬತ್ತು ಹೇಳಿ ಗೊಂತಿಲ್ಲೆ!

1840ರಲ್ಲಿ ಜರ್ಮನಿಯ ಲೀಬಿಗ್, ಸೆಸಿ ತಿಂಬದು ಖನಿಜಂಗಳ, ಗೊಬ್ಬರದ ಕಪ್ಪು ಸಾರವ ಅಲ್ಲ ಹೇಳಿ ವಾದ ಮಾಡಿದ. ಗೋಣಿಗೊಬ್ಬರದ ದಾರಿ ಅಲ್ಲಿಂದಲೇ ಅಗಲ ಆದ್ದು. 1843ರಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ಡಿಲಿ ಲಾಸ್ ಮತ್ತೆ ಗಿಲ್ಬರ್ಟ್ ಒಂದು ಗೋಧಿ ಗೆದ್ದೆಯ ಪಟ್ಟಿ ಪಟ್ಟಿ ಮಾಡಿದವು. ಒಂದಕ್ಕೆ ಹಟ್ಟಿಗೊಬ್ಬರ, ಒಂದಕ್ಕೆ ಎಂತದೂ ಇಲ್ಲೆ, ಮತ್ತಿದ್ದಕ್ಕೆ ಬೇರೆ ಬೇರೆ ಲವಣ. ಹಟ್ಟಿಗೊಬ್ಬರದ ಪಟ್ಟಿಗೆ ಹೆಕ್ಟೇರಿಂಗೆ ವರ್ಷಕ್ಕೆ 35 ಟನ್ನು. ಆ ಪರೀಕ್ಷೆ ಇಂದಿಂಗೂ ನೆಡೆತ್ತಾ ಇದ್ದು.

"ಎಂತಕೆ" ಹೇಳ್ತ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1877ರಲ್ಲಿ, ಪ್ಯಾರಿಸಿಲಿ. ಶ್ಲೋಸಿಂಗ್, ಮ್ಯುಂಟ್ಸ್ ಹೇಳಿ ಇಬ್ರು ಒಂದು ಕೊಳವೆಲಿ ಮರಳು, ಸುಣ್ಣಕಲ್ಲು ತುಂಬುಸಿ ಮೇಗಂದ ಚರಂಡಿ ನೀರು ಬಿಟ್ಟವು. ಸುಮಾರು 20 ದಿನ ಎಂತ ಬದಲಾವಣೆಯೂ ಇಲ್ಲೆ, ಅಮೋನಿಯ ಹಾಂಗೇ ಕೆಳ ಇಳುದತ್ತು. ಮತ್ತೆ ನೈಟ್ರೇಟ್ ಕಾಂಬಲೆ ಸುರುವಾತು. ಬರೀ ರಸಾಯನ ಆದರೆ ಸುರೂವಾಣ ದಿನವೇ ಆಯೆಕಾತಲ್ಲದೋ? ಕಾಯೆಕಾದ್ದೆಂತಕೆ ಹೇಳಿರೆ, ಜೀವಿಗೊಕ್ಕೆ ಸಂತಾನ ಹೆಚ್ಚುಸುಲೆ ಸಮಯ ಬೇಕು. ಕ್ಲೋರೋಫಾರ್ಮಿನ ಹಬೆ ಬಿಟ್ಟವು, ಕೆಲಸ ನಿಂದತ್ತು. ರಜ್ಜ ಮಣ್ಣು ಕರಡಿದ ನೀರು ಎರದವು, ಪುನಾ ಸುರುವಾತು. 1890ರಲ್ಲಿ ವಿನೊಗ್ರಾಡ್‌ಸ್ಕಿ ಆ ಜೀವಿಗಳ ಬೇರ್ಪಡ್ಸಿ ತೋರ್ಸಿದ: ಒಂದು ಜಾತಿ ಅಮೋನಿಯವ ನೈಟ್ರೈಟ್ ಮಾಡ್ತು, ಇನ್ನೊಂದು ಅದರ ನೈಟ್ರೇಟ್ ಮಾಡ್ತು. ಸೆಸಿಯ ಬೇರು ಅದರ ಎಳಕ್ಕೊಳ್ತು. ಎನ್ನ ಸೌತೆಸೆಸಿ ಕರಂಚಿದ್ದೂ ಇದರಂದಲೇ ಅರ್ಥ ಆತು. ಹಸಿ ಸಗಣಲ್ಲಿ ಅಮೋನಿಯ ಹೆಚ್ಚು, ಎಳೆ ಬೇರಿಂಗೆ ಅದು ತಡೆಯ. ಜೀವಿಗೊಕ್ಕೆ ಅದರ ಪಳಗುಸುಲೆ ಆನು ಸಮಯ ಕೊಟ್ಟಿದಿಲ್ಲೆ.

ಇನ್ನು ಅಮ್ಮನ ಮಾತು. 1885ರಲ್ಲಿ ಎಶೆರಿಚ್ ಹೇಳ್ತ ವೈದ್ಯ ಕರುಳಿಲಿಪ್ಪ ಒಂದು ಬ್ಯಾಕ್ಟೀರಿಯವ ಗುರ್ತುಸಿದ. ಅವನ ಹೆಸರಿಲಿಯೇ ಅದು ಈಗ ಇ-ಕೋಲಿ. ಹೆಚ್ಚಿಂದೂ ಪಾಪದವೇ. ಆದರೆ 1982ರಲ್ಲಿ ಅಮೇರಿಕಲ್ಲಿ ಒಂದು ಜೋರಿನ ಜಾತಿ ಕಂಡತ್ತು. ದನಕ್ಕೆ ಅದರಂದ ಎಂತದೂ ಆವ್ತಿಲ್ಲೆ, ಮನುಷ್ಯಂಗೆ ನೆತ್ತರುಬೇಧಿ. ಅಲ್ಯಾಣ ಸಾವಯವ ಕೃಷಿಯ ನಿಯಮಲ್ಲಿ ಈಗ ಲೆಕ್ಕ ಇದ್ದು: ಹಸಿ ಗೊಬ್ಬರ ಹಾಕಿರೆ, ಮಣ್ಣಿಂಗೆ ತಾಗುವ ಬೆಳೆಯ ಕೊಯ್ಯೆಕಾರೆ 120 ದಿನ ಕಳಿಯೆಕು, ಮಣ್ಣಿಂಗೆ ತಾಗದ್ದಕ್ಕೆ 90 ದಿನ. ರಾಶಿ ಹಾಕಿ ಕೊಳಶುದಾದರೆ 55 ಡಿಗ್ರಿಂದ ಮೇಗಾಣ ಬೆಶಿಲಿ 15 ದಿನ, ಅಷ್ಟರಲ್ಲಿ ಐದು ಸರ್ತಿ ಮೊಗಚ್ಚೆಕು. ಆ ಬೆಶಿ ಆರೂ ಕಿಚ್ಚು ಹಾಕಿ ಬಪ್ಪದಲ್ಲ. ಬೆಶಿ ಮೆಚ್ಚುವ ಬ್ಯಾಕ್ಟೀರಿಯಂಗಳೇ ತಿಂದು ಉಸುಲುಬಿಟ್ಟು ಅದರ ಹುಟ್ಟುಸುತ್ತವು, ರೋಗದವು ಆ ಬೆಶಿಲಿ ಸಾಯ್ತವು.

ಇದರ ಪದ್ಧತಿ ಮಾಡಿದವರಲ್ಲಿ ನಮ್ಮ ಊರಿನವೂ ಇದ್ದವು. 1931ರಲ್ಲಿ ಆಲ್ಬರ್ಟ್ ಹೊವಾರ್ಡ್ ಮೊಗಚ್ಚಿ ಕೊಳಶುವ ಇಂದೋರ್ ವಿಧಾನವ ಪುಸ್ತಕ ಮಾಡಿದವು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಲಿ ಸಿ. ಎನ್. ಆಚಾರ್ಯ ಗುಂಡಿಲಿ ಪದರ ಪದರ ಹಾಕಿ ಮೇಗಂದ ಮಣ್ಣು ಮೆತ್ತುವ ಬೆಂಗಳೂರು ವಿಧಾನವ ಕೊಟ್ಟವು. ಅದಕ್ಕೆ ಮೊಗಚ್ಚುದು ಬೇಡ, ಆದರೆ ಆರೆಂಟು ತಿಂಗಳು ಕಾಯೆಕು.

ಅಪ್ಪನ ಪ್ರಶ್ನೆಗೆ ಎನ್ನ ಉತ್ತರ ಹೀಂಗೆ: ಗೋಣಿಯ ಯೂರಿಯಾಲ್ಲಿ ಜೀವ ಇಲ್ಲೆ, ಆದರೆ ಅದರನ್ನೂ ನೈಟ್ರೇಟ್ ಮಾಡುದು ಮಣ್ಣಿಲಿಪ್ಪ ಇದೇ ಜೀವಿಗೊ. ಮಣ್ಣಿಲಿಪ್ಪ ಬೇರೆ ಜೀವಿಗಳ ಹೊಟ್ಟೆಗೆ ಸೊಪ್ಪು, ಸಗಣ ಎಂತದೂ ಹಾಕದ್ದೆ ಬರೀ ಕೆಲಸ ಮಾಡ್ಸಿರೆ ಎಷ್ಟು ದಿನ ಮಾಡುಗು? ಇದರ ಹೇಳಿಯಪ್ಪಗ ಅಪ್ಪ, "ಅಂಬಗ ಗೌರಿಯ ಕರವದಾರು?" ಕೇಳಿದವು.

ಈಗ ಕರವದು ಆನು. ಸುರೂವಿಂಗೆ ನಾಲ್ಕು ದಿನ ಗೌರಿಯೂ ಮೆಟ್ಟಿತ್ತು, ಎನ್ನ ಬೆನ್ನೂ ಬೇನೆ ಆತು. ಗೊಬ್ಬರದ ಗುಂಡಿ ಎರಡು ಮಾಡಿದ್ದೆಯೊ: ಒಂದು ತುಂಬುದು, ಒಂದು ಕೊಳವದು. ಕೊಳತ್ತ ಗುಂಡಿಗೆ ಕೈ ಹಾಕಿರೆ ಬೆಶಿ ಇದ್ದೊ, ಮೂಗಿಂಗೆ ಅಮೋನಿಯ ಹೊಡೆತ್ತೊ ನೋಡುದು, ಇದ್ದರೆ ಮುಟ್ಟುಲಿಲ್ಲೆ. ಈ ಸರ್ತಿಯಾಣ ಮುಳ್ಳುಸೌತೆಗೆ ಹಾಕಿದ್ದು ಕಳುದ ವರ್ಷದ್ದು. ಅಮ್ಮ ಮದಲಾಣ ಕಾಯಿಯ ತೊಳದು, ಕೊರದು, ಉಪ್ಪು ಉದ್ದಿ ಮಾಣಿಯ ಕೈಗೆ ಕೊಟ್ಟತ್ತು.