ಮೈ ಲಾಯ್ ಹತ್ಯಾಕಾಂಡ ಮತ್ತು ಅಮೆರಿಕದ ಜನಾಕ್ರೋಶ

1968ರ ಮಾರ್ಚ್ 16ರ ಬೆಳಿಗ್ಗೆ ದಕ್ಷಿಣ ವಿಯೆಟ್ನಾಂನಲ್ಲಿ ಮೈ ಲಾಯ್ ಸೇರಿದ ಸೊನ್ ಮಿ ಗ್ರಾಮಕ್ಕೆ ನುಗ್ಗಿದ ಅಮೆರಿಕದ ಸೈನಿಕರು ಕೆಲವೇ ಗಂಟೆಗಳಲ್ಲಿ ನೂರಾರು ಜನರನ್ನು ಕೊಂದರು. ಸತ್ತವರೆಲ್ಲ ನಿಶ್ಶಸ್ತ್ರರು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ವಿಯೆಟ್ನಾಂ ಲೆಕ್ಕದಲ್ಲಿ 504 ಮಂದಿ, ಅಮೆರಿಕದ ಲೆಕ್ಕದಲ್ಲಿ 347. ಸೇನೆಯ ಮೊದಲ ವರದಿಯಲ್ಲಂತೂ ಅದು 128 ಶತ್ರುಗಳನ್ನು ಹೊಡೆದ ಗೆಲುವು.

ಇಪ್ಪತ್ತು ತಿಂಗಳು ಮುಚ್ಚಿಟ್ಟ ಗುಟ್ಟನ್ನು 1969ರ ನವೆಂಬರ್‌ನಲ್ಲಿ ಪತ್ರಕರ್ತ ಸೀಮೋರ್ ಹರ್ಶ್ ಬಯಲಿಗೆಳೆದರು. ಸೇನೆಯ ಛಾಯಾಗ್ರಾಹಕ ರೊನಾಲ್ಡ್ ಹೆಬರ್ಲಿ ಸ್ವಂತ ಕ್ಯಾಮೆರಾದಲ್ಲಿ ತೆಗೆದಿದ್ದ ಹೆಣಗಳ ಚಿತ್ರಗಳೂ ಬೆನ್ನಿಗೇ ಅಚ್ಚಾದವು. ದೇಶ ಬೆಚ್ಚಿತು.

ಆದರೆ ಜನರ ಸಿಟ್ಟು ಭುಗಿಲೆದ್ದದ್ದು 1971ರಲ್ಲಿ, ಅದೂ ಕೊಲೆಯ ಮೇಲಲ್ಲ, ಶಿಕ್ಷೆಯ ಮೇಲೆ. 22 ಜನರ ಕೊಲೆಗಾಗಿ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಗೆ ಸೇನಾ ನ್ಯಾಯಾಲಯ ಜೀವಾವಧಿ ವಿಧಿಸಿತು. ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 79ರಷ್ಟು ಜನ ತೀರ್ಪನ್ನು ಒಪ್ಪಲಿಲ್ಲ. ಕ್ಯಾಲಿಯನ್ನು ಹೊಗಳಿದ ಹಾಡಿನ ಹತ್ತು ಲಕ್ಷಕ್ಕೂ ಹೆಚ್ಚು ರೆಕಾರ್ಡುಗಳು ಬಿಕರಿಯಾದವು. ಜಾರ್ಜಿಯಾದ ಗವರ್ನರ್ ಜಿಮ್ಮಿ ಕಾರ್ಟರ್ (ಮುಂದೆ ಮಾನವ ಹಕ್ಕುಗಳ ಮಾತಿಗೇ ಹೆಸರಾದವರು) ಸೈನಿಕರ ಗೌರವಕ್ಕಾಗಿ ಹಗಲಲ್ಲೂ ಕಾರಿನ ದೀಪ ಹಚ್ಚಿಕೊಂಡು ಓಡಾಡಿ ಎಂದರು. ಯುದ್ಧವಿರೋಧಿಗಳಲ್ಲೂ ಅನೇಕರು ಕ್ಯಾಲಿಯ ಪರವೇ: ಮೇಲಿನವರು ಪಾರಾಗಿ ಇವನೊಬ್ಬ ಹರಕೆಯ ಕುರಿಯಾದ ಎಂಬುದು ಅವರ ವಾದ. ಅದರಲ್ಲಿ ಹುರುಳಿತ್ತು, ಕ್ಯಾಲಿಯ ಮೇಲಧಿಕಾರಿ ಕ್ಯಾಪ್ಟನ್ ಅರ್ನೆಸ್ಟ್ ಮೆಡಿನಾ ಖುಲಾಸೆಯಾದರು, ಹತ್ಯೆಗಾಗಿ ಶಿಕ್ಷೆಯಾದದ್ದು ಕ್ಯಾಲಿ ಒಬ್ಬನಿಗೇ. ಆದರೆ ಎರಡೂ ಬಣಗಳ ಗದ್ದಲದಲ್ಲಿ ಸೊನ್ ಮಿಯ ಸತ್ತವರು ಎಲ್ಲೂ ಇರಲಿಲ್ಲ.

ಶಿಕ್ಷೆ ಪ್ರಕಟವಾದ ಮರುದಿನವೇ ಅಧ್ಯಕ್ಷ ನಿಕ್ಸನ್ ಕ್ಯಾಲಿಯನ್ನು ಸೆರೆಮನೆಯಿಂದ ಬಿಡಿಸಿ ಗೃಹಬಂಧನಕ್ಕೆ ಕಳಿಸಿದರು. ಇದನ್ನು ಪ್ರತಿಭಟಿಸಿ ಪ್ರಕರಣದ ಸರ್ಕಾರಿ ವಕೀಲ ಆಬ್ರಿ ಡೇನಿಯಲ್ ಅಧ್ಯಕ್ಷರಿಗೇ ಕಾಗದ ಬರೆದರು. 1974ರಲ್ಲಿ ಕ್ಯಾಲಿ ಬಿಡುಗಡೆಯಾದ.

ಮೈ ಲಾಯ್ ಹತ್ಯೆ ನಡೆದ ಅದೇ 1968ರ ಆರಂಭದಲ್ಲಿ ಕಮ್ಯುನಿಸ್ಟ್ ಪಡೆಗಳು ದಕ್ಷಿಣ ವಿಯೆಟ್ನಾಂನ ಹ್ವೆ ನಗರವನ್ನು ಹಿಡಿದಿದ್ದವು. ಆಮೇಲೆ ಅಲ್ಲಿನ ಸಾಮೂಹಿಕ ಗುಂಡಿಗಳಲ್ಲಿ ಸುಮಾರು 2,800 ಶವ ಸಿಕ್ಕವು. ಇದಕ್ಕೇಕೆ ಯಾರೂ ಬೀದಿಗಿಳಿಯಲಿಲ್ಲ ಎಂದು ಯುದ್ಧದ ಸಮರ್ಥಕರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಳಿದವರಲ್ಲಿ ಬಹುಮಂದಿಗೆ ಬೇಕಿದ್ದದ್ದು ಹ್ವೆಯ ಗುಂಡಿಗಳ ಮಣ್ಣನ್ನು ಮೈ ಲಾಯ್ ಮೇಲೆ ಸುರಿಯುವುದು.

ಮೈ ಲಾಯ್ ಹತ್ಯೆಯ ದಿನ ಪೈಲಟ್ ಹ್ಯೂ ಥಾಂಪ್ಸನ್ ತಮ್ಮದೇ ಸೈನಿಕರಿಗೂ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರ ಜೀವ ಉಳಿಸಿದ್ದರು. ಅಮೆರಿಕದ ಸಂಸತ್ತಿನ ಸಶಸ್ತ್ರ ಪಡೆಗಳ ಸಮಿತಿಯ ಅಧ್ಯಕ್ಷ ಮೆಂಡೆಲ್ ರಿವರ್ಸ್ ಅವರ ಕೋಪ ತಿರುಗಿದ್ದು ಈ ಥಾಂಪ್ಸನ್ ಮೇಲೆಯೇ. ಕೊಲೆ ಬೆದರಿಕೆಗಳೂ ಬಂದವು. ಶೌರ್ಯಕ್ಕೆ ಕೊಡುವ ‘ಸೋಲ್ಜರ್ಸ್ ಮೆಡಲ್’ ಅವರ ಎದೆಗೇರಿದ್ದು 1998ರ ಮಾರ್ಚ್ 6ರಂದು.